ಕೊನೆಯ ಕಾಲು ಮಾತ್ರೆ

ಆತಂಕಕ್ಕೂ ನಿದ್ದೆಗೂ ಕೊಡುವ ಆಲ್ಪ್ರಾಜೋಲಮ್‌ನ 0.25 ಮಿ.ಗ್ರಾಂ ಮಾತ್ರೆಯನ್ನು ನಾಲ್ಕು ತುಂಡು ಮಾಡಿದರೆ ಒಂದೊಂದು ತುಂಡಿನಲ್ಲಿ ಇರುವುದು 0.0625 ಮಿ.ಗ್ರಾಂ ಔಷಧಿ. ಬೆರಳ ತುದಿಗೆ ಅಂಟಿಕೊಂಡರೆ ಕಣ್ಣಿಗೇ ಬೀಳದಷ್ಟು ಚಿಕ್ಕ ಚೂರು. ಈ ಮಾತ್ರೆಯನ್ನು ಮೆಲ್ಲಗೆ ಬಿಡಲು ಹೊರಟು, ದಿನಕ್ಕೆ 1 ಮಿ.ಗ್ರಾಂ ತೆಗೆದುಕೊಳ್ಳುವವರು ಈ ಚೂರಿನಷ್ಟನ್ನು ಬಿಟ್ಟರೆ ಡೋಸ್ ಇಳಿಯುವುದು ಶೇ. 6ರಷ್ಟು. ಎಷ್ಟೋ ಜನರಿಗೆ ಅದು ಗೊತ್ತೂ ಆಗುವುದಿಲ್ಲ. ಅರ್ಧ ಮಿ.ಗ್ರಾಂಗೆ ಬಂದ ಮೇಲೆ ಅದೇ ಚೂರು ಶೇ. 12.5. ಕಾಲು ಮಿ.ಗ್ರಾಂಗೆ ಬಂದಾಗ ಶೇ. 25. ಎರಡೇ ಚೂರು ಉಳಿದಾಗ ಒಂದನ್ನು ಬಿಟ್ಟರೆ ಅರ್ಧಕ್ಕರ್ಧ ಕೈಬಿಟ್ಟಂತೆ. ಚೂರು ಅಷ್ಟೇ ಇದೆ, ಪೆಟ್ಟು ದೊಡ್ಡದಾಗಿದೆ. "ಇಷ್ಟೆಲ್ಲ ಇಳಿಸಿದ್ದಾಯ್ತಲ್ಲ, ಇನ್ನು ಈ ಚೂರಿಗೇನು, ಬಿಟ್ಟುಬಿಡಿ" ಎಂಬ ಮಾತು ಕೇಳಿಬರುವುದು ಈ ಹಂತದಲ್ಲೇ. ತಿಂಗಳುಗಟ್ಟಲೆ ಮಾಡಿದ ಕೆಲಸ ನೀರುಪಾಲಾಗುವುದೂ ಇಲ್ಲೇ.

ಆಲ್ಪ್ರಾಜೋಲಮ್ ಸೇರಿರುವ ಬೆಂಜೊಡಯಜೆಪೈನ್ ಎಂಬ ಗುಂಪಿನ ಮೊದಲ ಔಷಧಿ ಕ್ಲೋರ್‌ಡಯಜೆಪಾಕ್ಸೈಡ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ, ಡಯಾಜೆಪಾಮ್ 1963ರಲ್ಲಿ. ಅದಕ್ಕೂ ಮೊದಲಿದ್ದ ಬಾರ್ಬಿಟುರೇಟ್‌ಗಳಿಗೆ ಹೋಲಿಸಿದರೆ ಇವು ದೇವರು ಕೊಟ್ಟ ವರದಂತೆ ಕಂಡವು. ಹೆಚ್ಚು ಡೋಸ್ ತೆಗೆದುಕೊಂಡರೂ ಜೀವ ಹೋಗುವ ಭಯ ಕಡಿಮೆ. ಚೀಟಿಯಲ್ಲಿ ಬರೆದಷ್ಟನ್ನೇ, ಒಂದು ಮಾತ್ರೆಯೂ ಹೆಚ್ಚಿಲ್ಲದೆ ನುಂಗಿದವರಿಗೂ ಬಿಡುವಾಗ ತೊಂದರೆಯಾಗುತ್ತದೆ ಎಂದು ವೈದ್ಯಲೋಕ ಗಟ್ಟಿಯಾಗಿ ಒಪ್ಪಿಕೊಳ್ಳುವ ಹೊತ್ತಿಗೆ 1980ರ ದಶಕ ಬಂದಿತ್ತು. ಈಗಿನ ಸಲಹೆ ಏನಿದ್ದರೂ ಎರಡರಿಂದ ನಾಲ್ಕು ವಾರದ ಬಳಕೆಗೆ. ಆದರೆ ಸಾವಿನ ದುಃಖಕ್ಕೋ ಆಪರೇಷನ್ನಿನ ಭಯಕ್ಕೋ ಹದಿನೈದು ದಿನಕ್ಕೆಂದು ಬರೆದ ಮಾತ್ರೆ ಚೀಟಿಯಿಂದ ಚೀಟಿಗೆ ದಾಟುತ್ತಾ ಇಪ್ಪತ್ತು ವರ್ಷ ನಡೆದುಬಿಡುತ್ತದೆ. ಇದನ್ನು ಚಟ ಎನ್ನುವುದು ತಪ್ಪು, ಅನ್ಯಾಯವೂ ಹೌದು. ಚಟದಲ್ಲಿ ಇನ್ನಷ್ಟು ಬೇಕೆಂಬ ಹಸಿವು ಇರುತ್ತದೆ. ಇಲ್ಲಿರುವುದು ದೇಹದ ಹೊಂದಾಣಿಕೆ ಮಾತ್ರ.

ಆ ಹೊಂದಾಣಿಕೆ ಹೀಗೆ. ಮಿದುಳನ್ನು ತಣ್ಣಗಿಡುವ ರಾಸಾಯನಿಕದ ಹೆಸರು ಗಾಬಾ. ಈ ಮಾತ್ರೆಗಳು ಗಾಬಾವನ್ನು ಹೆಚ್ಚು ಮಾಡುವುದಿಲ್ಲ, ಅದರ ದನಿಯನ್ನು ಏರಿಸುತ್ತವೆ. ಎದುರಿನವರು ವರ್ಷಾನುಗಟ್ಟಲೆ ಕೂಗಿಯೇ ಮಾತಾಡಿದರೆ ಕಿವಿ ಮಂದವಾಗುವ ಹಾಗೆ, ಗಾಬಾದ ಮಾತು ಕೇಳಬೇಕಾದ ಗ್ರಾಹಕಗಳು ನಿಧಾನಕ್ಕೆ ಮಂದವಾಗುತ್ತವೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದಾಗ ಗಾಬಾ ತನ್ನ ಸಹಜ ದನಿಯಲ್ಲೇ ಮಾತಾಡುತ್ತದೆ, ಕೇಳುವವರಿಲ್ಲ. ಆತಂಕ, ನಡುಕ, ನಿದ್ದೆ ಇಲ್ಲದಿರುವುದು, ಕೆಟ್ಟ ಸಂದರ್ಭದಲ್ಲಿ ಫಿಟ್ಸ್, ಎಲ್ಲವೂ ಅಲ್ಲಿಂದ. ಕಿವಿ ಮತ್ತೆ ಚುರುಕಾಗಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಡೋಸನ್ನು ಮೆಲ್ಲಗೆ ಇಳಿಸುವುದೆಂದರೆ ಆ ಕಿವಿಗೆ ಸಮಯ ಕೊಡುವುದು, ಅಷ್ಟೇ.

ವಯಸ್ಸಾದವರಲ್ಲಿ ಈ ಲೆಕ್ಕ ಎರಡು ಕಡೆಯಿಂದ ತೊಡಕಾಗುತ್ತದೆ. ಒಂದು, ಔಷಧಿ ದೇಹದಲ್ಲಿ ಉಳಿಯುವ ಕಾಲ. ಮಾಂಸ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚಿದಂತೆ ಕೊಬ್ಬಿನಲ್ಲಿ ಕರಗುವ ಡಯಾಜೆಪಾಮ್ ಅಲ್ಲೇ ಮನೆ ಮಾಡುತ್ತದೆ; ಯಕೃತ್ತು ಅದನ್ನು ಒಡೆಯುವ ವೇಗವೂ ತಗ್ಗುತ್ತದೆ. ರಕ್ತದಲ್ಲಿನ ಡಯಾಜೆಪಾಮ್ ಅರ್ಧಕ್ಕಿಳಿಯಲು ಬೇಕಾದ ಗಂಟೆಗಳು ಹೆಚ್ಚುಕಡಿಮೆ ವ್ಯಕ್ತಿಯ ವಯಸ್ಸಿನಷ್ಟೇ ಎಂಬ ಹಳೆಯ ಅಂದಾಜು ಒಂದಿದೆ: ಇಪ್ಪತ್ತರಲ್ಲಿ ಇಪ್ಪತ್ತು ಗಂಟೆ, ಎಪ್ಪತ್ತೈದರಲ್ಲಿ ಎಪ್ಪತ್ತೈದು. ಇದೇ ಗುಂಪಿನ ಲೋರಾಜೆಪಾಮ್, ಆಕ್ಸಾಜೆಪಾಮ್‌ಗಳು ಬೇರೆ ದಾರಿಯಲ್ಲಿ ಹೊರಹೋಗುವುದರಿಂದ ಅವುಗಳ ಮೇಲೆ ವಯಸ್ಸಿನ ಪ್ರಭಾವ ಅಷ್ಟಿಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ಅರವತ್ತೈದು ದಾಟಿದ ಮೇಲೆ ಏನೇ ಆದರೂ ಅದು ವಯಸ್ಸಿನ ಖಾತೆಗೆ ಜಮಾ ಆಗುತ್ತದೆ. ಮಾತ್ರೆಯಿಂದ ಮರೆವು ಬಂದರೆ "ವಯಸ್ಸಾಯ್ತಲ್ಲ". ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದರೆ "ವಯಸ್ಸಾಯ್ತಲ್ಲ". ಮಾತ್ರೆ ಇಳಿಸುವಾಗ ಕೈ ನಡುಗಿದರೆ ಪಾರ್ಕಿನ್ಸನ್ ಇರಬಹುದೆಂದು ಹೊಸ ಮಾತ್ರೆ, ಎದೆ ಡವಗುಟ್ಟಿದರೆ ಹೃದಯದ ಪರೀಕ್ಷೆ, ಗಲಿಬಿಲಿಯಾದರೆ ಡಿಮೆನ್ಷಿಯಾ. ಇಪ್ಪತ್ತು ವರ್ಷದಿಂದ ದಿನಾ ನುಂಗುವ ಆ ಸಣ್ಣ ಮಾತ್ರೆಯ ಖಾತೆಯಲ್ಲಿ ಮಾತ್ರ ಏನೂ ಬರೆದಿರುವುದಿಲ್ಲ. ಆದ್ದರಿಂದ ಮೊದಲ ಚೂರು ಕತ್ತರಿಸುವ ಮೊದಲೇ ಒಂದು ಹಾಳೆಯಲ್ಲಿ ಈಗಿನ ಸ್ಥಿತಿ ಬರೆದಿಡಬೇಕು. ಎಷ್ಟು ಗಂಟೆ ನಿದ್ದೆ, ಬೀಪಿ ಎಷ್ಟು, ಕೈ ನಡುಕ ಈಗಾಗಲೇ ಇದೆಯೇ, ಕಿವಿಯಲ್ಲಿ ಗುಂಯ್‌ಗುಡುವುದು ಇದೆಯೇ, ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಬಿದ್ದರು. ನಡಿಗೆಗೆ ಒಂದು ಸುಲಭ ಅಳತೆ ಇದೆ: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದರ್ಥ. ಥೈರಾಯ್ಡ್, ಸೋಡಿಯಂ, ಬಿ12 ನೋಡಿಸಿಟ್ಟರೆ ಆಮೇಲೆ ಯಾವುದು ಯಾವುದರಿಂದ ಎಂದು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಎಲ್ಲರೂ ಈಗಲೇ ಇಳಿಸಬೇಕೆಂದೇನಿಲ್ಲ. ಫಿಟ್ಸ್‌ಗಾಗಿ ಇದೇ ಗುಂಪಿನ ಕ್ಲೋನಾಜೆಪಾಮ್ ತೆಗೆದುಕೊಳ್ಳುವವರ ದಾರಿಯೇ ಬೇರೆ. ನಿದ್ದೆಯಲ್ಲಿ ಕೈಕಾಲು ಬಡಿದು, ಕೂಗಾಡಿ, ಮಂಚದಿಂದ ಬೀಳುವ ಕಾಯಿಲೆಗೂ ಇದೇ ಮಾತ್ರೆ ಕೊಟ್ಟಿರುತ್ತಾರೆ. ಯಾಕೆ ಶುರುವಾಯಿತೆಂದು ಗೊತ್ತಿಲ್ಲದೆ ಇಳಿಸಲು ಹೊರಡಬಾರದು. ಹಿಂದೆ ಫಿಟ್ಸ್ ಬಂದಿದ್ದವರು, ಮದ್ಯ ಸೇವಿಸುವವರು, ತುಂಬಾ ದೊಡ್ಡ ಡೋಸಿನಲ್ಲಿರುವವರು ಮನೆಯಲ್ಲೇ ಪ್ರಯತ್ನಿಸುವುದು ಅಪಾಯ. ಆಪರೇಷನ್ ಗೊತ್ತಾಗಿದ್ದರೆ, ಮನೆಯಲ್ಲಿ ಸಾವು ಸಂಭವಿಸಿದ್ದರೆ, ಬೇರೆ ಮುಖ್ಯ ಔಷಧಿ ಈಗಷ್ಟೇ ಬದಲಾಗಿದ್ದರೆ ಎರಡು ಮೂರು ತಿಂಗಳು ಕಾದರೆ ನಷ್ಟವೇನಿಲ್ಲ. ಇಪ್ಪತ್ತು ವರ್ಷ ಕಾದ ಮಾತ್ರೆ ಇನ್ನೆರಡು ತಿಂಗಳು ಕಾಯುತ್ತದೆ. ಚೀಟಿ ಬರೆಯುವ ವೈದ್ಯರು ಈ ಲೆಕ್ಕದ ಒಳಗಿರಲೇಬೇಕು. ಗುಟ್ಟಾಗಿ ಇಳಿಸುವವರು ತೊಂದರೆಯಾದ ದಿನ ಯಾರಿಗೂ ಹೇಳಲಾಗದೆ ಒದ್ದಾಡುತ್ತಾರೆ.

ಎಷ್ಟು ಇಳಿಸಬೇಕು? ಅಮೆರಿಕದ ಹಲವು ವೈದ್ಯ ಸಂಘಟನೆಗಳು ಸೇರಿ 2025ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಆರಂಭಕ್ಕೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10, ಏನೇ ಆದರೂ ಎರಡು ವಾರಕ್ಕೆ ಶೇ. 25 ದಾಟಕೂಡದು. ವಯಸ್ಸಾದವರಿಗೆ ಶೇ. 5ರ ಕಡೆಗೆ, ನಾಲ್ಕು ವಾರದ ಕಡೆಗೆ ವಾಲುವುದೇ ಲೇಸು. ಇಲ್ಲಿ ಎಲ್ಲರೂ ಎಡವುವ ಒಂದು ಅಂಶವಿದೆ: ಶೇಕಡಾವಾರು ತೆಗೆಯಬೇಕಾದದ್ದು ಈಗಿನ ಡೋಸಿನ ಮೇಲೆ, ಮೊದಲ ದಿನದ ಡೋಸಿನ ಮೇಲಲ್ಲ. 1 ಮಿ.ಗ್ರಾಂನಿಂದ ಶೇ. 10ರಂತೆ ಇಳಿದರೆ 0.9, 0.81, 0.73, 0.66, 0.59, 0.53, 0.48. ಏಳು ಮೆಟ್ಟಿಲಿಗೆ ಅರ್ಧ. ಮೆಟ್ಟಿಲಿಗೆ ಮೂರು ವಾರ ಎಂದರೆ ಐದು ತಿಂಗಳು. ಇದೇ ಗತಿಯಲ್ಲಿ ಹೊರಟರೆ ಮೊದಲು ಹೇಳಿದ ಆ ಕೊನೆಯ ಚೂರಿಗೆ ಬರಲು ಒಂದೂವರೆ ವರ್ಷ. ಕೇಳಿದರೆ ಎದೆ ಧಸಕ್ಕೆನ್ನಬಹುದು. ಎಷ್ಟೋ ಜನ ಇದಕ್ಕಿಂತ ಬೇಗ ಮುಗಿಸುತ್ತಾರೆ. ಆದರೆ ಬೇಗ ಮುಗಿಸಲೇಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೊರಟವರೇ ಅರ್ಧದಾರಿಯಲ್ಲಿ ವಾಪಸ್ ಬರುವುದು ಹೆಚ್ಚು.

ದಿನಕ್ಕೊಂದೇ ಸಲ ಆಲ್ಪ್ರಾಜೋಲಮ್ ನುಂಗುವವರಿಗೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾರಣವಿಲ್ಲದ ಕಳವಳ ಶುರುವಾಗುವುದುಂಟು. ಅದು ಎರಡು ಡೋಸಿನ ನಡುವೆ ಔಷಧಿ ಇಳಿದದ್ದರಿಂದ ಬಂದದ್ದು. ಅಂಥವರು ಏನನ್ನೂ ಕಡಿಮೆ ಮಾಡುವ ಮೊದಲು ಅದೇ ಒಟ್ಟು ಡೋಸನ್ನು ಎರಡು ಮೂರು ಹೊತ್ತಿಗೆ ಹಂಚಿ, ಹದಿನೈದು ದಿನ ಹಾಗೇ ಇರಬೇಕು. ಆಮೇಲೆ ಹಗಲಿನ ಪಾಲನ್ನು ಮೊದಲು ಇಳಿಸಿ, ರಾತ್ರಿಯದನ್ನು ಕೊನೆಗೆ ಉಳಿಸಿಕೊಂಡರೆ ನಿದ್ದೆಯ ಭಯ ಬೇಗ ಕಾಡುವುದಿಲ್ಲ.

"ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳಿ" ಎಂಬ ಸಲಹೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಮೇಲುನೋಟಕ್ಕೆ ಅದು ಅರ್ಧ ಡೋಸ್. ನಿಜಕ್ಕೂ ಆಗುವುದೇ ಬೇರೆ. ಆಲ್ಪ್ರಾಜೋಲಮ್ ವಯಸ್ಸಾದವರಲ್ಲಿ ಸುಮಾರು 16 ಗಂಟೆಗೆ ಅರ್ಧವಾಗುತ್ತದೆ. 48 ಗಂಟೆ ಎಂದರೆ ಮೂರು ಸಲ ಅರ್ಧ: ರಕ್ತದಲ್ಲಿ ಎಂಟನೇ ಒಂದು ಭಾಗವಷ್ಟೇ ಉಳಿದಿರುತ್ತದೆ, ಅಷ್ಟರಲ್ಲಿ ಮತ್ತೆ ಪೂರ್ತಿ ಮಾತ್ರೆ. ಎರಡು ದಿನಕ್ಕೊಮ್ಮೆ ಬಾವಿಗಿಳಿದು ಹತ್ತಿದ ಹಾಗೆ. ಮಂದವಾದ ಕಿವಿ ಚುರುಕಾಗಲು ಒಂದೇ ಮಟ್ಟದ ದನಿ ಬೇಕು. ಒಂದು ದಿನ ಕೂಗು, ಒಂದು ದಿನ ಪಿಸುಮಾತು ಆದರೆ ಅದು ಯಾವುದಕ್ಕೂ ಒಗ್ಗುವುದಿಲ್ಲ. ದಿನಾ ಅದೇ ಹೊತ್ತಿಗೆ, ಒಂದೇ ಪ್ರಮಾಣ, ಆದರೆ ಮೊದಲಿಗಿಂತ ಸ್ವಲ್ಪ ಕಡಿಮೆ. ಇದು ಬಿಟ್ಟರೆ ಬೇರೆ ಜಾಣತನ ಬೇಡ.

ಡಯಾಜೆಪಾಮ್‌ಗೆ ಬದಲಾಯಿಸಿಕೊಂಡು ಇಳಿಸುವ ಪದ್ಧತಿ ಪ್ರಸಿದ್ಧ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಇದಕ್ಕೆಂದೇ ಕ್ಲಿನಿಕ್ ನಡೆಸಿದ ವೈದ್ಯೆ ಹೆದರ್ ಆಷ್ಟನ್ ಅದನ್ನು ಜನಪ್ರಿಯಗೊಳಿಸಿದರು. ಡಯಾಜೆಪಾಮ್ ನಿಧಾನಕ್ಕೆ ಇಳಿಯುತ್ತದೆ, 2 ಮಿ.ಗ್ರಾಂ ಮಾತ್ರೆಯೂ ಸಿಗುತ್ತದೆ, ಕತ್ತರಿಸುವುದು ಸುಲಭ. ಅವರ ಕೋಷ್ಟಕದಲ್ಲಿ 10 ಮಿ.ಗ್ರಾಂ ಡಯಾಜೆಪಾಮ್‌ಗೆ ಆಲ್ಪ್ರಾಜೋಲಮ್ 0.5, ಕ್ಲೋನಾಜೆಪಾಮ್ 0.5, ಲೋರಾಜೆಪಾಮ್ 1 ಮಿ.ಗ್ರಾಂ ಸಮ. ಡಯಾಜೆಪಾಮ್ ಇದರ ಅರ್ಧವೇ ಸಾಕು ಎನ್ನುವ ಕೋಷ್ಟಕಗಳೂ ಇವೆ. ಎಪ್ಪತ್ತೈದರವರಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. 75 ಗಂಟೆಗೆ ಅರ್ಧವಾಗುವ ಔಷಧಿ ದೇಹದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಅದರ ನಾಲ್ಕೈದು ಪಟ್ಟು ಕಾಲ ಬೇಕು, ಅಂದರೆ ಎರಡು ವಾರ. ಅದು ಒಡೆದು ಹುಟ್ಟುವ ಇನ್ನೊಂದು ರೂಪ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಮೊದಲ ವಾರ ಚೆನ್ನಾಗಿದ್ದವರು ಮೂರನೇ ವಾರ ತೂಕಡಿಸುತ್ತಾ ಬೀಳುವುದು ಇದಕ್ಕೇ. ಬದಲಾಯಿಸಲೇಬೇಕಾದರೆ ಕಡಿಮೆ ಅಂದಾಜಿನಿಂದ, ಒಂದು ವಾರಕ್ಕೆ ಒಂದು ಹೊತ್ತಿನ ಡೋಸ್ ಮಾತ್ರ, ಅದೂ ರಾತ್ರಿಯದನ್ನು ಮೊದಲು. ಕ್ಲೋನಾಜೆಪಾಮ್‌ನಲ್ಲಿರುವವರಿಗೆ ಈ ಬದಲಾವಣೆಯಿಂದ ಹೆಚ್ಚೇನೂ ಸಿಗುವುದಿಲ್ಲ. ಅದೇ ಸಾಕಷ್ಟು ನಿಧಾನದ ಔಷಧಿ.

ಇನ್ನು ಕತ್ತರಿಸುವ ಕೆಲಸ. ಅಡುಗೆಮನೆಯ ಚಾಕು ಬೇಡ, ಮಾತ್ರೆ ಕಟರ್ ಬೇಕು. ಎಸ್‌ಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳನ್ನು ಕತ್ತರಿಸಿದರೆ ಇಡೀ ದಿನಕ್ಕೆಂದು ಇಟ್ಟ ಔಷಧಿ ಒಮ್ಮೆಲೇ ಬಿಡುಗಡೆಯಾಗುತ್ತದೆ. ಅವನ್ನು ಮೊದಲು ಸಾದಾ ಮಾತ್ರೆಗೆ ಬದಲಾಯಿಸಿಕೊಳ್ಳಬೇಕು. ಕಾಲು ಭಾಗಕ್ಕಿಂತ ಸಣ್ಣದು ಬೇಕಾದಾಗ 0.001 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ಬಳಸುವವರಿದ್ದಾರೆ. 0.5 ಮಿ.ಗ್ರಾಂ ಔಷಧಿ ಇರುವ ಮಾತ್ರೆಯ ತೂಕ 120 ಮಿ.ಗ್ರಾಂ ಎನ್ನೋಣ. 0.45 ಬೇಕಾದರೆ ಉಜ್ಜಿ 108ಕ್ಕೆ ತರಬೇಕು. ಮಾತ್ರೆಯ ತೂಕ ಬೇರೆ, ಔಷಧಿಯ ಪ್ರಮಾಣ ಬೇರೆ ಎಂಬುದು ಕೆಲವರಿಗೆ ತಲೆಗೆ ಹೋಗಲು ಹೊತ್ತು ಹಿಡಿಯುತ್ತದೆ, ಅವಸರದಲ್ಲಿ ತಪ್ಪುವುದೂ ಅಲ್ಲೇ. ಕಂಪನಿ ಬದಲಾದರೆ ತೂಕವೂ ಬದಲು, ಲೆಕ್ಕ ಮೊದಲಿನಿಂದ. ಮಾತ್ರೆಯನ್ನು ನೀರಿಗೆ ಹಾಕಿ ಕದಡಿ ಅರ್ಧ ಲೋಟ ಕುಡಿಯುವುದು ಮೋಸ: ಈ ಔಷಧಿಗಳು ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು, ಪುಡಿ ತಳ ಸೇರುತ್ತದೆ, ಒಂದು ದಿನ ಏನೂ ಇಲ್ಲ, ಇನ್ನೊಂದು ದಿನ ದುಪ್ಪಟ್ಟು. ದ್ರವರೂಪವೇ ಬೇಕಿದ್ದರೆ ಫಾರ್ಮಸಿಯಲ್ಲಿ ಸಿದ್ಧಪಡಿಸಿದ್ದು, ಜೊತೆಗೆ ಮಿಲಿಲೀಟರ್ ಗೆರೆಯಿರುವ ಸಿರಿಂಜು. ಕಣ್ಣು ಮಂದವಾದವರು, ಕೈ ನಡುಗುವವರು ಇದನ್ನೆಲ್ಲ ತಾವೇ ಮಾಡಲಾಗದು. ವಾರಕ್ಕೊಮ್ಮೆ ಬೇರೆಯವರು ಕತ್ತರಿಸಿ, ಏಳು ಗೂಡಿನ ಡಬ್ಬಿಯಲ್ಲಿ ತುಂಬಿಡುವುದು ಒಳ್ಳೆಯದು.

ಪ್ರತಿ ಇಳಿಕೆಯ ನಂತರ ಯಾವಾಗ ತೀರ್ಪು ಕೊಡಬೇಕೆಂಬುದು ಔಷಧಿಯ ಮೇಲೆ ನಿಂತಿದೆ. ಆಲ್ಪ್ರಾಜೋಲಮ್, ಲೋರಾಜೆಪಾಮ್ ಆದರೆ ತೊಂದರೆ ಒಂದೆರಡು ದಿನದಲ್ಲೇ ಕಾಣುತ್ತದೆ. ಡಯಾಜೆಪಾಮ್ ಆದರೆ ವಾರ ಬೇಕು, ಇನ್ನೂ ಹೆಚ್ಚೂ ಆಗಬಹುದು. ಸೋಮವಾರ ಇಳಿಸಿ ಬುಧವಾರ "ಏನೂ ಆಗಿಲ್ಲ, ಇನ್ನೊಂದು ಇಳಿಸೋಣ" ಎಂದರೆ ಎರಡೂ ಇಳಿಕೆಯ ಬಿಲ್ ಒಟ್ಟಿಗೇ ಬರುತ್ತದೆ. ಮೂರನೇ ವಾರವೂ ನಿದ್ದೆ, ನಡುಕ, ಹಸಿವು ಸರಿಯಾಗದಿದ್ದರೆ ಅಲ್ಲೇ ನಿಲ್ಲಬೇಕು. ಎರಡು ವಾರ, ನಾಲ್ಕು ವಾರ, ಬೇಕಿದ್ದರೆ ಎರಡು ತಿಂಗಳು. ತೀರಾ ತಡೆಯಲಾಗದಿದ್ದರೆ ಹಿಂದಿನ ಮೆಟ್ಟಿಲಿಗೆ ಹೋಗಬೇಕು, ಮೊದಲ ಮೆಟ್ಟಿಲಿಗಲ್ಲ. ಅರ್ಧ ಡೋಸಿನಲ್ಲಿ ವರ್ಷಗಟ್ಟಲೆ ನಿಂತವರೂ ಸೋತವರಲ್ಲ; ರಾತ್ರಿ ಬಚ್ಚಲಿಗೆ ಹೋಗುವಾಗ ಅವರ ಕಾಲು ಮೊದಲಿಗಿಂತ ಗಟ್ಟಿಯಾಗಿ ಊರುತ್ತದೆ.

ಸದ್ದು, ಬೆಳಕು ಚುಚ್ಚಿದಂತಾಗುವುದು, ಚರ್ಮ ಉರಿದಂತೆ, ನೆಲ ಅಲುಗಾಡಿದಂತೆ ಅನಿಸುವುದು, ಸ್ನಾಯು ಪಟಪಟ ಅದುರುವುದು, ಬಾಯಿಯಲ್ಲಿ ಲೋಹದ ರುಚಿ: ಹಳೆಯ ಆತಂಕದಲ್ಲಿ ಇಲ್ಲದ ಇಂಥ ಹೊಸ ಲಕ್ಷಣಗಳು ಇಳಿಕೆಯ ಗುರುತು. ಇವು ಅಲೆಯಂತೆ ಬಂದು ಹೋಗುತ್ತವೆ, ಮೂರು ದಿನ ಕಷ್ಟ, ಎರಡು ದಿನ ಹಗುರ. ಆದರೆ ಎಲ್ಲವನ್ನೂ ಇಳಿಕೆಯ ಖಾತೆಗೆ ಬರೆಯುವುದೂ ಅಷ್ಟೇ ದೊಡ್ಡ ತಪ್ಪು. ಎದೆನೋವು, ಒಂದು ಪಕ್ಕದ ಬಲಹೀನತೆ, ಜ್ವರದ ಜೊತೆ ಗಲಿಬಿಲಿ ಆಸ್ಪತ್ರೆಗೆ ಹೋಗುವ ವಿಷಯಗಳು. ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸತೊಡಗಿದರೆ, ಬದುಕು ಬೇಡ ಎಂಬ ಮಾತು ಬಂದರೆ ಅರ್ಧ ಗಂಟೆಯೂ ಕಾಯಬಾರದು.

ಅಷ್ಟರಲ್ಲಿ ಯಾರಾದರೂ ನಿದ್ದೆಗೆಂದು ಬೇರೆ ಮಾತ್ರೆ ಸೂಚಿಸಿರುತ್ತಾರೆ. ಶೀತದ ಮಾತ್ರೆಗಳಲ್ಲಿರುವ ಡೈಫೆನ್‌ಹೈಡ್ರಮಿನ್ ವಯಸ್ಸಾದವರಲ್ಲಿ ಗಲಿಬಿಲಿ, ಮಲಬದ್ಧತೆ, ಮೂತ್ರ ಕಟ್ಟುವುದನ್ನು ತರುತ್ತದೆ. ನಿದ್ದೆ ಮಾತ್ರೆ ಜೋಲ್ಪಿಡೆಮ್ ಕೆಲಸ ಮಾಡುವುದು ಅದೇ ಗ್ರಾಹಕದ ಮೇಲೆ. ಅದು ಬಿಟ್ಟಂತಲ್ಲ, ಅಂಗಿ ಬದಲಿಸಿದಂತೆ. ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್ ಜಾತಿಯ ಆ್ಯಂಟಿಬಯಾಟಿಕ್‌ಗಳು ಗಾಬಾದ ಕೆಲಸಕ್ಕೆ ಅಡ್ಡ ಬರುತ್ತವೆ, ನೋವಿನ ಮಾತ್ರೆ ಟ್ರಮಡಾಲ್ ಫಿಟ್ಸ್ ಅಪಾಯ ಹೆಚ್ಚಿಸುತ್ತದೆ. ಕ್ಲಾರಿಥ್ರೊಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಆಲ್ಪ್ರಾಜೋಲಮ್ ಒಡೆಯುವುದನ್ನು ತಡೆಯುವುದರಿಂದ ಕೋರ್ಸ್ ನಡೆಯುವಾಗ ಮಂಪರು. ಕೋರ್ಸ್ ಮುಗಿದ ವಾರ, ಡೋಸ್ ಮುಟ್ಟದಿದ್ದರೂ ಇಳಿಸಿದಂಥ ಅನುಭವ. ನಿದ್ದೆಗೆ ಮಾತ್ರೆಯಲ್ಲದ ದಾರಿಗಳಲ್ಲಿ ಗಟ್ಟಿಯಾದದ್ದೊಂದು: ಏಳುವ ಹೊತ್ತನ್ನು ಬದಲಿಸದಿರುವುದು. ರಾತ್ರಿ ಮೂರು ಗಂಟೆ ನಿದ್ದೆಯಾಗಿದ್ದರೂ ಅದೇ ಹೊತ್ತಿಗೆ ಏಳುವುದು, ಹಗಲು ಹಾಸಿಗೆಗೆ ಹೋಗದಿರುವುದು.

ಕೆನಡಾದಲ್ಲಿ 65 ದಾಟಿದ ದೀರ್ಘಕಾಲದ ಬಳಕೆದಾರರಿಗೆ ಮಾತ್ರೆಯ ಅಪಾಯ ಮತ್ತು ಇಳಿಸುವ ಕ್ರಮ ತಿಳಿಸುವ ಪುಸ್ತಿಕೆಯನ್ನು ಮನೆಗೆ ಕಳಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಪುಸ್ತಿಕೆ ಪಡೆದವರಲ್ಲಿ ಶೇ. 27 ಜನ ಪೂರ್ತಿ ಬಿಟ್ಟಿದ್ದರು, ಪಡೆಯದವರಲ್ಲಿ ಶೇ. 5. ವಿಷಯ ತಿಳಿಸಿ ಹೇಳಿದರೆ ವಯಸ್ಸಾದವರೇ ನಿರ್ಧಾರ ಮಾಡಬಲ್ಲರು. ಮನೆಯವರು ಅವರಿಗೆ ಗೊತ್ತಾಗದಂತೆ ಮಾತ್ರೆ ಸಣ್ಣ ಮಾಡುವುದನ್ನು ಮಾತ್ರ ಒಪ್ಪಲಾಗದು. ಕಾರಣ ತಿಳಿಯದೆ ಮೈ ನಡುಗುವ ಭಯ, ತಿಳಿದು ನಡುಗುವುದಕ್ಕಿಂತ ಎಷ್ಟೋ ಪಾಲು ಕ್ರೂರ.

ಕೊನೆಯ ಚೂರು ನಿಲ್ಲಿಸಿದ ಮೇಲೆ ಮೇಜಿನ ಡ್ರಾಯರಿನಲ್ಲಿ ಉಳಿದ ಸ್ಟ್ರಿಪ್ಪುಗಳನ್ನು ಫಾರ್ಮಸಿಗೆ ಹಿಂತಿರುಗಿಸಬೇಕು; ನಡುರಾತ್ರಿ "ಇವತ್ತೊಂದು ದಿನ" ಎನಿಸುವುದು ಅವು ಕೈಗೆಟಕುವಾಗಲೇ. ಇನ್ನೊಂದು ಕೆಲಸವನ್ನು ಬಹುತೇಕರು ಮರೆಯುತ್ತಾರೆ. ಆಸ್ಪತ್ರೆಯ ಫೈಲಿನಲ್ಲಿ, ಪರ್ಸಿನಲ್ಲಿರುವ ಔಷಧಿ ಪಟ್ಟಿಯಲ್ಲಿ ಆ ಹೆಸರು ಇನ್ನೂ ಇರುತ್ತದೆ. ಬೇರೆ ಕಾರಣಕ್ಕೆ ಅಡ್ಮಿಟ್ ಆದಾಗ ಹಳೆಯ ಪಟ್ಟಿ ನೋಡಿ ರಾತ್ರಿ ಎಂಟಕ್ಕೆ ಅದೇ ಮಾತ್ರೆ ಮತ್ತೆ ಬರುತ್ತದೆ, ಈಗ ಅದಕ್ಕೆ ಒಗ್ಗದ ದೇಹಕ್ಕೆ ಹಳೆಯ ಪೂರ್ತಿ ಡೋಸ್. ಇಳಿಸುತ್ತಿರುವ ನಡುವೆ ಅಡ್ಮಿಟ್ ಆದರೆ ಇದಕ್ಕೆ ತಿರುಗಾಮುರುಗ: ಪಟ್ಟಿಯಲ್ಲಿ ಇಲ್ಲವೆಂದು ಎರಡು ಮೂರು ದಿನ ಮಾತ್ರೆಯೇ ಸಿಗದೆ, ಆಪರೇಷನ್ನಿನ ನಂತರದ ಗಲಿಬಿಲಿ ಎಂದು ಎಲ್ಲರೂ ತಿಳಿಯುವ ಗಲಿಬಿಲಿ. ಆದ್ದರಿಂದ ಅಲರ್ಜಿ ಬರೆಯುವ ಜಾಗದಲ್ಲೇ ಔಷಧಿಯ ಹೆಸರು, ಈಗಿನ ಡೋಸ್ ಅಥವಾ ನಿಲ್ಲಿಸಿದ ತಾರೀಕು ಬರೆಸಬೇಕು. ಎಂಡೋಸ್ಕೋಪಿಗೆ ಮಂಪರು ಬರಿಸಲು ಕೊಡುವ ಮಿಡಜೋಲಮ್ ಕೂಡ ಇದೇ ಗುಂಪಿನದು. ಹೆಚ್ಚಿನವರಿಗೆ ಒಂದು ಸಲದ್ದರಿಂದ ಎಲ್ಲ ಮೊದಲಿನಂತಾಗಿಬಿಡುವುದಿಲ್ಲ. ಆದರೂ ಮಾತ್ರೆ ಬಿಟ್ಟ ಅಥವಾ ಇಳಿಸುತ್ತಿರುವ ಮಾತು ಅರಿವಳಿಕೆ ವೈದ್ಯರ ಕಿವಿಗೆ ಬೀಳಬೇಕಾದದ್ದು ಸೂಜಿ ಚುಚ್ಚುವ ಹೊತ್ತಿಗಲ್ಲ, ಹಿಂದಿನ ದಿನ.